ಒತ್ತುವರಿ, ಬೀಗ, ಬಾಡಿಗೆ ತಕರಾರು: ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ?

ಪಕ್ಕದ ಹೊಲದವರು ಬದು ಸರಿಸಿದ್ದಾರೆ. ಅವಧಿ ಮುಗಿದರೂ ಬಾಡಿಗೆದಾರರು ಮನೆ ಬಿಡುತ್ತಿಲ್ಲ. ಹಬ್ಬಕ್ಕೆ ಊರಿಗೆ ಹೋಗಿ ಬರುವಷ್ಟರಲ್ಲಿ ಮಾಲೀಕರು ಬಾಡಿಗೆ ಮನೆಗೆ ಬೇರೆ ಬೀಗ ಜಡಿದಿದ್ದಾರೆ. ಮೂರೂ ಬೇರೆ ಬೇರೆ ಜಗಳ, ಆದರೆ ಜನ ಸೋಲುವ ರೀತಿ ಒಂದೇ. ಹಕ್ಕುಪತ್ರ ಕೈಯಲ್ಲಿದ್ದವರೇ ಮೊದಲ ವಾರ ದುಡುಕುತ್ತಾರೆ, ಆಮೇಲೆ ಎರಡು ವರ್ಷ ಸುಮ್ಮನಿರುತ್ತಾರೆ, ಕೊನೆಗೆ ತಪ್ಪು ದಾವೆ ಹೂಡುತ್ತಾರೆ.

ಕಾರಣವೂ ಒಂದೇ. ನ್ಯಾಯಾಲಯ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತದೆ: ಜಾಗ ಯಾರದು? ಇವತ್ತು ಅದು ಯಾರ ಸ್ವಾಧೀನದಲ್ಲಿದೆ? ನಾವು ಮೊದಲನೆಯದಕ್ಕೆ ಮಾತ್ರ ಉತ್ತರ ಹಿಡಿದು ಹೋಗುತ್ತೇವೆ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣದಲ್ಲಿ (2003ರ ಡಿಸೆಂಬರ್ ತೀರ್ಪು) ಇದು ಸ್ಪಷ್ಟವಾಗಿದೆ: ಒಬ್ಬರ ಸ್ವಾಧೀನ ನೆಲೆಯೂರಿದ ಮೇಲೆ, ಅವರಿಗೆ ಹಕ್ಕಿಲ್ಲದಿದ್ದರೂ, ನಿಜವಾದ ಮಾಲೀಕರೂ ಅವರನ್ನು ಕಾನೂನಿನ ಮೂಲಕವೇ ಬಿಡಿಸಬೇಕು. ಆದರೆ ಆಗೊಮ್ಮೆ ಈಗೊಮ್ಮೆ ನುಗ್ಗಿದ ಮಾತ್ರಕ್ಕೆ, ಕದ್ದುಮುಚ್ಚಿ ಒಂದು ಗುಡಿಸಲು ಹಾಕಿದ ಮಾತ್ರಕ್ಕೆ ಅದು ನೆಲೆಯೂರಿದ ಸ್ವಾಧೀನ ಆಗುವುದಿಲ್ಲ. ಮೊದಲ ಕೆಲವು ದಿನಗಳಿಗೆ ಇಷ್ಟು ಬೆಲೆ ಬಂದಿರುವುದು ಇದರಿಂದಲೇ.

ಕೆಳಗಿನ ಕ್ರಮ ಕರ್ನಾಟಕದ ಖಾಸಗಿ ಜಮೀನು, ನಿವೇಶನ, ಮನೆಗಳಿಗೆ ಸಂಬಂಧಿಸಿದ್ದು. ಸರ್ಕಾರಿ ಜಾಗದ ಒತ್ತುವರಿಗೆ ಬೇರೆ ಕಾನೂನುಗಳಿವೆ. 2011ರ ಭೂಕಬಳಿಕೆ ನಿಷೇಧ ಕಾಯ್ದೆಯೂ ಸರ್ಕಾರ, ಸ್ಥಳೀಯ ಸಂಸ್ಥೆ, ವಕ್ಫ್, ಧಾರ್ಮಿಕ ದತ್ತಿಗಳ ಜಮೀನಿಗಷ್ಟೇ ಇದೆ. ಖಾಸಗಿ ಜಗಳ ಹೊತ್ತು ಆ ಕಾಯ್ದೆಯ ವಿಶೇಷ ನ್ಯಾಯಾಲಯಕ್ಕೆ ಅಲೆದು ಸಮಯ ಕಳೆಯಬೇಡಿ.

ಹಂತ 1: ಎದುರಿಗಿರುವವರು ಯಾರೆಂದು ಗೊತ್ತುಮಾಡಿಕೊಳ್ಳಿ

ಔಷಧಿ ಬೇರೆಯಾಗುವುದು ಇಲ್ಲಿಂದಲೇ.

ನಿನ್ನೆ ಮೊನ್ನೆ ನುಗ್ಗಿದವರಾದರೆ ಅದು ಅತಿಕ್ರಮ ಪ್ರವೇಶ. ಪೊಲೀಸ್ ದೂರು, ತಡೆಯಾಜ್ಞೆ ಎರಡೂ ಕೆಲಸ ಮಾಡುವ ಹೊತ್ತು ಇದೇ.

ಪಕ್ಕದ ಖಾತೆದಾರರು ಗಡಿ ಮೀರಿದ್ದರೆ ಅಳತೆಯಾಗದೆ ಮುಂದಿನ ಹೆಜ್ಜೆಯೇ ಇಲ್ಲ. ಅವರೂ ನಿಮ್ಮಷ್ಟೇ ಪ್ರಾಮಾಣಿಕವಾಗಿ ‘ಬದು ಇಲ್ಲೇ ಇತ್ತು’ ಎಂದು ನಂಬಿರಬಹುದು.

ಬಾಡಿಗೆದಾರರು ನಿಮ್ಮ ಒಪ್ಪಿಗೆಯಿಂದಲೇ ಒಳಗೆ ಬಂದವರು. ಕರಾರು ಮುಗಿದರೂ ಅವರನ್ನು ‘ನುಗ್ಗಿದವರು’ ಎನ್ನಲಾಗದು. ಬಿಡಿಸಲು ನೋಟಿಸು ಮತ್ತು ದಾವೆಯೇ ದಾರಿ, ಠಾಣೆಯಲ್ಲ.

ಕಾವಲಿಗೆ ಇಟ್ಟವರು, ತೋಟ ನೋಡಿಕೊಳ್ಳುವವರು, ‘ಸದ್ಯಕ್ಕೆ ಇರಲಿ’ ಎಂದು ಇಳಿಸಿಕೊಂಡ ನೆಂಟರು ನಾಲ್ಕನೆಯ ಬಗೆ. ಎಷ್ಟು ವರ್ಷ ಇದ್ದರೂ ಕಾವಲುಗಾರನಿಗಾಗಲಿ ಆಳಿಗಾಗಲಿ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲವೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಮಾರಿಯಾ ಮಾರ್ಗರಿಡಾ ಪ್ರಕರಣದಲ್ಲಿ ಹೇಳಿದೆ. ಆದರೆ ಅವರು ಕಾವಲಿಗೇ ಬಂದವರು ಎಂದು ತೋರಿಸುವ ಒಂದು ಚೀಟಿಯಾದರೂ ಬೇಕಲ್ಲ. ಸಂಬಳ ಬ್ಯಾಂಕ್ ಮೂಲಕ ಕೊಡಿ, ಒಂದು ಪುಟದ ಕರಾರು ಬರೆಸಿಡಿ. ದುಬೈ, ಅಮೆರಿಕದಲ್ಲಿ ಇದ್ದುಕೊಂಡು ಊರಿನ ತೋಟ ಉಳಿಸಿಕೊಳ್ಳಬೇಕಾದವರಿಗೆ ಇದು ಇನ್ನೂ ಮುಖ್ಯ. ಅಲ್ಲಿಂದ ಕಳಿಸುವ ಅಧಿಕಾರ ಪತ್ರವನ್ನು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ಕೃಷಿ ಜಮೀನಿನ ಮಾಲೀಕರಿಗೆ ಒಂದು ಎಚ್ಚರಿಕೆ: 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯ ನಂತರ ರಾಜ್ಯದಲ್ಲಿ ಕೃಷಿ ಭೂಮಿ ಗೇಣಿಗೆ ಕೊಡುವುದಕ್ಕೆ ನಿರ್ಬಂಧವಿದೆ. ಸೈನಿಕರು, ನಾವಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಬಾಯಿಮಾತಿನಲ್ಲಿ ‘ಗುತ್ತಿಗೆ’ ಕೊಟ್ಟು, ತಕರಾರು ಬಂದಾಗ ಆ ಕರಾರನ್ನೇ ಹಿಡಿದು ಹೋದರೆ ಅದು ನಿಮಗೇ ತಿರುಗುಬಾಣ.

ಹಂತ 2: ಗಡುವುಗಳನ್ನು ಬರೆದು ಗೋಡೆಗೆ ಅಂಟಿಸಿ

ಘಟನೆಯ ದಿನಾಂಕ ಹಾಕಿ, ಅಲ್ಲಿಂದ ಎಣಿಸಿ.

2 ತಿಂಗಳು: ಬಲವಂತವಾಗಿ ಹೊರಹಾಕಿದ್ದರೆ, ಶಾಂತಿಭಂಗದ ಭಯವಿದ್ದರೆ, ಕಾರ್ಯನಿರ್ವಾಹಕ ದಂಡಾಧಿಕಾರಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 164ನೇ ಕಲಂನಡಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 145) ಸ್ವಾಧೀನದ ವಿಚಾರಣೆ ನಡೆಸಬಹುದು. ಪೊಲೀಸ್ ವರದಿ ಬರುವುದಕ್ಕೆ ಹಿಂದಿನ 2 ತಿಂಗಳೊಳಗೆ ಹೊರಹಾಕಲ್ಪಟ್ಟವರನ್ನು ಸ್ವಾಧೀನದಲ್ಲೇ ಇದ್ದವರೆಂದು ಪರಿಗಣಿಸಲು ಅಲ್ಲಿ ಅವಕಾಶವಿದೆ. ಅದೇ ವಿಷಯಕ್ಕೆ ಸಿವಿಲ್ ದಾವೆ ನಡೆಯುತ್ತಿದ್ದರೆ ಸಾಮಾನ್ಯವಾಗಿ ಈ ದಾರಿ ಮುಚ್ಚುತ್ತದೆ.

6 ತಿಂಗಳು: ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 6ನೇ ಕಲಂ. ನಿಮ್ಮ ಒಪ್ಪಿಗೆಯಿಲ್ಲದೆ, ಕಾನೂನಿನ ಕ್ರಮವಿಲ್ಲದೆ ಹೊರಹಾಕಿದ್ದರೆ ಈ ಅವಧಿಯೊಳಗೆ ದಾವೆ ಹೂಡಿ ಸ್ವಾಧೀನ ವಾಪಸು ಕೇಳಬಹುದು. ಹಕ್ಕು ಯಾರದೆಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ತೀರ್ಪಿನ ಮೇಲೆ ಮೇಲ್ಮನವಿಯೂ ಇಲ್ಲ. ಸರ್ಕಾರದ ವಿರುದ್ಧ ಮಾತ್ರ ಈ ದಾವೆ ನಡೆಯದು. ಬಾಡಿಗೆದಾರರ ಕೈಯಲ್ಲಿರುವ ದೊಡ್ಡ ಅಸ್ತ್ರ ಇದೇ, ಬಹಳ ಜನಕ್ಕೆ ಗೊತ್ತೇ ಇಲ್ಲ.

3 ವರ್ಷ: ಬಾಕಿ ಬಾಡಿಗೆ ಕೇಳಲು, ಅತಿಕ್ರಮಣದಿಂದ ಆದ ನಷ್ಟಕ್ಕೆ ಪರಿಹಾರ ಕೇಳಲು.

12 ವರ್ಷ: ಹಕ್ಕಿನ ಆಧಾರದಲ್ಲಿ ಸ್ವಾಧೀನ ಕೇಳಲು. ಬಾಡಿಗೆದಾರರ ವಿಷಯದಲ್ಲಿ ಈ 12 ವರ್ಷ ಬಾಡಿಗೆ ಸಂಬಂಧ ಕೊನೆಗೊಂಡ ದಿನದಿಂದ ಎಣಿಕೆ. ಅವಧಿ ಮೀರಿದರೆ ದಾವೆಯ ಹಕ್ಕಿನ ಜೊತೆಗೆ ಆಸ್ತಿಯ ಹಕ್ಕೇ ನಂದಿಹೋಗುತ್ತದೆ.

ಹಂತ 3: ಮೊದಲ ಎರಡು ದಿನ

ಮೊದಲು ಫೋಟೊ, ಆಮೇಲೆ ಮಾತು. ಹತ್ತಿರದಿಂದ ತೆಗೆದ ನಾಲ್ಕು ಚಿತ್ರಗಳಿಗಿಂತ, ದೂರದಿಂದ ತೆಗೆದ ಒಂದು ಚಿತ್ರ ಹೆಚ್ಚು ಹೇಳುತ್ತದೆ. ಹೊಸ ಕಲ್ಲುಕಂಬದ ಹಿಂದೆ ಹಳೆಯ ಹುಣಸೆ ಮರ, ಬಾವಿ, ವಿದ್ಯುತ್ ಕಂಬದಂಥ ಜಾಗ ಬಿಟ್ಟು ಕದಲದ ಯಾವುದಾದರೊಂದು ಕಾಣಬೇಕು. ಕಿತ್ತ ಬೇಲಿಯ ಹಳೆಯ ಗುಂಡಿಗಳು ಮಳೆ ಬಂದರೆ ಮುಚ್ಚಿಹೋಗುತ್ತವೆ. ಅವುಗಳ ಪಕ್ಕ ಅಳತೆ ಟೇಪು ಇಟ್ಟು ಅಂದೇ ತೆಗೆಯಿರಿ. ಚಿತ್ರ ತೆಗೆದ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ವಾಟ್ಸಾಪಿನಲ್ಲಿ ಬಂದ ಪ್ರತಿಯಲ್ಲಿ ಮೂಲ ವಿವರ ಉಳಿಯುವುದಿಲ್ಲ. ವಿದ್ಯುನ್ಮಾನ ದಾಖಲೆಗೆ ನ್ಯಾಯಾಲಯದಲ್ಲಿ ಪ್ರಮಾಣಪತ್ರ ಕೊಡಬೇಕು (ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ).

ಬಳಿಕ ದೂರು. ಜೆಸಿಬಿ ಓಡುತ್ತಿರುವಾಗಲೇ ಆದರೆ 112ಕ್ಕೆ ಕರೆ ಮಾಡಿ, ಕರೆ ಮಾಡಿದ ಸಮಯ ಬರೆದಿಟ್ಟುಕೊಳ್ಳಿ. ಲಿಖಿತ ದೂರು ಹೇಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ‘ನಮಗೂ ಅವರಿಗೂ ಜಮೀನಿನ ವಿಷಯದಲ್ಲಿ ತಕರಾರಿದೆ, ನ್ಯಾಯ ಕೊಡಿಸಿ’ ಎಂದು ಬರೆದರೆ ಠಾಣೆಯಿಂದ ಬರುವ ಉತ್ತರ ಮೊದಲೇ ಗೊತ್ತು: ಇದು ಸಿವಿಲ್ ಸ್ವರೂಪದ್ದು, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ. ಅದರ ಬದಲು ಕೃತ್ಯವನ್ನೇ ಬರೆಯಿರಿ. ಇಂಥ ದಿನ, ಬೆಳಗ್ಗೆ ಇಷ್ಟು ಗಂಟೆಗೆ, ಸರ್ವೆ ನಂಬರ್ ಇಷ್ಟರ ಪೂರ್ವದ ತಂತಿಬೇಲಿಯ 14 ಕಂಬ ಕಿತ್ತರು, ಕೇಳಲು ಹೋದಾಗ ಈ ಮಾತು ಹೇಳಿ ಬೆದರಿಸಿದರು, ನೋಡಿದವರು ಇಂಥವರು. ಆಗದ್ದನ್ನು ಒಂದು ಸಾಲೂ ಸೇರಿಸಬೇಡಿ. ಪಾಟೀಸವಾಲಿನಲ್ಲಿ ಆ ಒಂದು ಸಾಲು ಉಳಿದ ಹತ್ತನ್ನೂ ಮುಳುಗಿಸುತ್ತದೆ.

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ (ಐಪಿಸಿ) ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅಪರಾಧಿಕ ಅತಿಕ್ರಮ ಪ್ರವೇಶ 329ನೇ ಕಲಂನಲ್ಲಿದೆ: ಜಮೀನಿಗಾದರೆ 3 ತಿಂಗಳವರೆಗೆ, ಮನೆಗಾದರೆ 1 ವರ್ಷದವರೆಗೆ ಸೆರೆ, ಅಥವಾ 5,000 ರೂ.ವರೆಗೆ ದಂಡ, ಅಥವಾ ಎರಡೂ. ಆದರೆ ಬರೀ ಕಾಲಿಟ್ಟರೆ ಸಾಲದು. ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶ ಇರಬೇಕು. ಆಡಿದ ಮಾತುಗಳನ್ನು ದೂರಿನಲ್ಲಿ ಇದ್ದಂತೆ ಬರೆಯಬೇಕು ಎನ್ನುವುದು ಇದಕ್ಕಾಗಿ.

ದೂರು ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ‘ಸಿವಿಲ್’ ಎಂದೇ ಹೇಳಿದರೂ ನಿರಾಶರಾಗಬೇಡಿ. ಅದನ್ನು ಬರವಣಿಗೆಯಲ್ಲಿ, ಹಿಂಬರಹವಾಗಿ ಕೇಳಿ ಪಡೆಯಿರಿ. ಆ ದಿನ ನೀವು ಸ್ವಾಧೀನದ ಬಗ್ಗೆ ದೂರಿದ್ದಿರಿ ಎಂಬುದಕ್ಕೆ ಅದೇ ದಾಖಲೆ, ಮುಂದೆ ತಡೆಯಾಜ್ಞೆ ಅರ್ಜಿಯ ಜೊತೆ ಲಗತ್ತಿಸಲು ಬೇಕು.

ಈ ಎರಡು ದಿನ ಮಾಡಬಾರದ್ದು ಮೂರು. ರಾತ್ರೋರಾತ್ರಿ ಅವರ ಕಲ್ಲು ಕೀಳುವುದು. ಸರ್ವೆ ಇಲಾಖೆ ನೆಟ್ಟ ಬಾಂದುಕಲ್ಲು ಕದಲಿಸಿದರಂತೂ ಅದೇ ಪ್ರತ್ಯೇಕ ಅಪರಾಧ. ಹತ್ತು ಜನರನ್ನು ಕಟ್ಟಿಕೊಂಡು ಹೋಗುವುದು. ಪಂಚಾಯಿತಿ ಕಟ್ಟೆಯಲ್ಲಿ ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕುವುದು. ಆಸ್ತಿ ಕಾಪಾಡಿಕೊಳ್ಳುವ ಆತ್ಮರಕ್ಷಣೆಯ ಹಕ್ಕು ಕಾನೂನಿನಲ್ಲಿದೆ ನಿಜ. ಆದರೆ ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕು ಇಲ್ಲ, ಅಗತ್ಯಕ್ಕಿಂತ ಹೆಚ್ಚು ಬಲವನ್ನೂ ಬಳಸುವಂತಿಲ್ಲ.

ಹಂತ 4: ಕಡತ ಕಟ್ಟಿ

ಜಮೀನಿಗೆ ಬೇಕಾದದ್ದು: ಕನಿಷ್ಠ 12 ವರ್ಷದ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ, ವಿಸ್ತೀರ್ಣ ಮತ್ತು ಕಂದಾಯ ತೋರಿಸುವ ಆಕಾರ್‌ಬಂದ್, ಟಿಪ್ಪಣಿ (ಮೂಲ ಸರ್ವೆಯ ಅಳತೆ ಚಿತ್ರ), ಗ್ರಾಮ ನಕ್ಷೆ, ಕ್ರಯಪತ್ರ ಅಥವಾ ವಿಭಾಗಪತ್ರ, ಋಣಭಾರ ಪತ್ರ, ಕಂದಾಯ ರಸೀದಿ. ನಿವೇಶನಕ್ಕೆ: ಕ್ರಯಪತ್ರ, ಖಾತೆ, ತೆರಿಗೆ ರಸೀದಿ, ಮಂಜೂರಾದ ಬಡಾವಣೆ ನಕ್ಷೆ.

ಪಹಣಿಯನ್ನು ಹೆಸರು ನೋಡಿ ಮಡಚಿಡಬೇಡಿ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 11ರಲ್ಲಿ ಇತರ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿದಾರರು ಮತ್ತು ಬೆಳೆ. ಒತ್ತುವರಿ ಮಾಡುವವರು ಮೊದಲು ಕಣ್ಣು ಹಾಕುವುದು 12ನೇ ಕಾಲಂ ಮೇಲೆ. ಪ್ರತಿ ಹಂಗಾಮಿನ ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಬೆಳೆ ಸರಿಯಾಗಿ ದಾಖಲಾಗಿದೆಯೇ ನೋಡಿಕೊಳ್ಳಿ. ಪಹಣಿಯ ನಮೂದು ಸರಿ ಎಂಬ ಊಹೆ ಭೂಕಂದಾಯ ಕಾಯ್ದೆಯ 133ನೇ ಕಲಂನಿಂದ ಬರುತ್ತದೆ. ತಪ್ಪೆಂದು ತೋರಿಸುವವರೆಗೆ ಮಾತ್ರ ಆ ಊಹೆ. ಪಹಣಿಯೇ ಹಕ್ಕುಪತ್ರವಲ್ಲ.

ವಿಸ್ತೀರ್ಣ ಲೆಕ್ಕ ಹಾಕುವಾಗ ಖರಾಬು ಕಳೆಯಿರಿ. ‘ಅ’ ಖರಾಬು ಸಾಗುವಳಿಗೆ ಬಾರದ ಭಾಗ. ‘ಬ’ ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಭಾಗ, ನಿಮ್ಮದಲ್ಲ. ‘ನಮ್ಮ ಎರಡೆಕರೆಯಲ್ಲಿ ಆರು ಗುಂಟೆ ಕಮ್ಮಿ ಬರುತ್ತಿದೆ’ ಎನ್ನುವ ಎಷ್ಟೋ ದೂರುಗಳಲ್ಲಿ ಆ ಆರು ಗುಂಟೆ ಇರುವುದು ಹಳ್ಳದಲ್ಲಿ, ಪಕ್ಕದವರ ಹೊಲದಲ್ಲಲ್ಲ.

ಹಂತ 5: ಹದ್ದುಬಸ್ತು

ಹದ್ದುಬಸ್ತು ಎಂದರೆ ಸರ್ವೆ ಇಲಾಖೆಯಿಂದ ಅಳೆಸಿ ಗಡಿ ಗುರುತಿಸಿಕೊಳ್ಳುವುದು. ಗಡಿ ತಕರಾರಿನಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ.

ಅರ್ಜಿ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ನನ್ನ ಪಹಣಿ ನನ್ನೊಬ್ಬನ ಹೆಸರಲ್ಲಿದೆಯೇ, ಜಂಟಿಯಾಗಿದೆಯೇ? ಒಂದೇ ಸರ್ವೆ ನಂಬರಿನಲ್ಲಿ ನಾಲ್ಕು ಹೆಸರಿದ್ದು ಪೋಡಿ (ಪ್ರತಿ ಪಾಲನ್ನು ಅಳೆದು ಬೇರೆ ನಂಬರು ಕೊಡುವುದು) ಆಗಿರದಿದ್ದರೆ, ಸರ್ಕಾರಿ ದಾಖಲೆಯಲ್ಲಿ ನಿಮ್ಮ ಪಾಲಿಗೆ ಗೆರೆಯೇ ಇಲ್ಲ. ಇಲ್ಲದ ಗೆರೆಯನ್ನು ಸರ್ವೆಯವರು ನೆಲದ ಮೇಲೆ ತೋರಿಸಲಾರರು. ಇಡೀ ನಂಬರಿನ ಹೊರಗಡಿ ಮಾತ್ರ ಗುರುತಿಸಬಲ್ಲರು. ಆಗ ಮೊದಲು ಪೋಡಿ, ಆಮೇಲೆ ಹದ್ದುಬಸ್ತು. ಕ್ರಮ ತಿರುವುಮುರುವಾದರೆ ‘ಆಗುವುದಿಲ್ಲ’ ಎಂಬ ಹಿಂಬರಹ ಕೈಗೆ ಬರುತ್ತದೆ, ತಿಂಗಳುಗಳು ಹೋಗುತ್ತವೆ.

ಅರ್ಜಿಯನ್ನು ನಾಡಕಚೇರಿಯಲ್ಲಿ ಅಥವಾ ಸರ್ವೆ ಇಲಾಖೆಯ ಮೋಜಿಣಿ ಗಣಕ ವ್ಯವಸ್ಥೆಯಲ್ಲಿ ಶುಲ್ಕ ಕಟ್ಟಿ ಸಲ್ಲಿಸಿ. ಸುತ್ತಲಿನ ಖಾತೆದಾರರ ಹೆಸರು, ವಿಳಾಸ ಸರಿಯಾಗಿ ಕೊಡಿ. ಅವರಿಗೆ ನೋಟಿಸು ಹೋಗದೆ ಮಾಡಿದ ಅಳತೆಯನ್ನು ಎದುರಾಳಿ ವಕೀಲರು ಒಂದೇ ವಾಕ್ಯದಲ್ಲಿ ಹೊಡೆದುಹಾಕುತ್ತಾರೆ: ‘ನಮ್ಮ ಬೆನ್ನ ಹಿಂದೆ ಮಾಡಿಸಿದ್ದು’. ಬೆಳೆ ಎದೆಮಟ್ಟ ಬೆಳೆದಾಗ ಅಳತೆ ಇಟ್ಟುಕೊಳ್ಳಬೇಡಿ, ಕೊಯ್ಲಾದ ಮೇಲೆ ನೆಲ ಕಾಣುವ ಹೊತ್ತಿಗೆ ದಿನ ಕೇಳಿ.

ಅಳತೆಯ ದಿನಕ್ಕೆ ಮುಂಚೆ ಪೊದೆ ಸವರಿಸಿ, ಹಳೆಯ ಬಾಂದುಕಲ್ಲು ಎಲ್ಲೆಲ್ಲಿ ಉಳಿದಿವೆ ಎಂದು ಹಿರಿಯರನ್ನು ಕೇಳಿ ಹುಡುಕಿಡಿ. ಅಳತೆ ಶುರುವಾಗುವುದು ತಕರಾರಿನ ಬದುವಿನಿಂದಲ್ಲ. ಮೂರು ನಂಬರು ಸೇರುವ ಮೂಲೆಗಲ್ಲಿನಂಥ, ಯಾರೂ ಅಲ್ಲಗಳೆಯದ ಗುರುತಿನಿಂದ. ಆ ಒಂದು ಕಲ್ಲು ಸಿಕ್ಕರೆ ಟಿಪ್ಪಣಿಯ ಅಳತೆ ಹಿಡಿದು ಉಳಿದ ಮೂಲೆಗಳನ್ನು ಬಿಡಿಸಬಹುದು.

ಲೆಕ್ಕ ನಿಮಗೂ ಗೊತ್ತಿರಲಿ. 40 ಗುಂಟೆಗೆ ಒಂದು ಎಕರೆ, ಗುಂಟೆಗೆ 1,089 ಚದರಡಿ, ಅಂದರೆ 33 ಅಡಿಗೆ 33 ಅಡಿ. ಮೀಟರಿನಲ್ಲಿ ನೂರೊಂದು ಚದರಕ್ಕೆ ಸ್ವಲ್ಪ ಹೆಚ್ಚು. ಹಾಗಾಗಿ 100 ಮೀಟರ್ ಉದ್ದದ ಬದು ಬರೀ ಒಂದು ಮೀಟರ್ ಸರಿದರೆ ಹೆಚ್ಚುಕಮ್ಮಿ ಒಂದು ಗುಂಟೆ ಹೋಯಿತು. ವರ್ಷಕ್ಕೆ ನಾಲ್ಕು ಬೆರಳು ಬದು ಕೆತ್ತುವ ನೆರೆಯವರು ಹದಿನೈದು ವರ್ಷದಲ್ಲಿ ಅಷ್ಟು ಮಾಡುತ್ತಾರೆ. ನೇಗಿಲು ಹೂಡಿದ ಪ್ರತಿ ಸಲವೂ ಬದುವಿನ ಬುಡ ನೋಡಿ ಎನ್ನುವುದು ಅದಕ್ಕೆ.

ನಿವೇಶನವಾದರೆ ಪರೀಕ್ಷೆ ಇನ್ನೂ ಸುಲಭ. 30×40 ನಿವೇಶನದ ಎರಡೂ ಕರ್ಣಗಳು 50 ಅಡಿ ಬರಬೇಕು. ನಾಲ್ಕು ಬದಿ ಸರಿಯಿದ್ದೂ ಒಂದು ಕರ್ಣ 49, ಇನ್ನೊಂದು 51ರ ಹತ್ತಿರ ಬಂದರೆ ನಿವೇಶನ ಓರೆಯಾಗಿದೆ, ಒಂದು ಮೂಲೆ ಪಕ್ಕದವರೊಳಗೆ ಹೊಕ್ಕಿದೆ. ಪಾಯ ತೋಡುವ ಮುಂಚೆ ಇಷ್ಟನ್ನು ಇಬ್ಬರೂ ನೆರೆಯವರು ಒಟ್ಟಿಗೆ ಅಳೆದರೆ ಎಷ್ಟೋ ದಾವೆಗಳು ಹುಟ್ಟುವುದೇ ಇಲ್ಲ.

ಮಹಜರಿಗೆ (ಸ್ಥಳದಲ್ಲೇ ಬರೆಯುವ ವರದಿಗೆ) ಓದದೆ ಸಹಿ ಹಾಕಬೇಡಿ. ಎದುರಿನವರು ಸಹಿಗೆ ಒಪ್ಪದಿದ್ದರೆ ‘ಹಾಜರಿದ್ದರು, ಸಹಿ ನಿರಾಕರಿಸಿದರು’ ಎಂದು ಬರೆಸಿ. ಇನ್ನೊಂದು ಮಾತು, ಅಳತೆ ಮುಗಿದ ಕೂಡಲೇ ಒತ್ತುವರಿ ತೆರವಾಗುತ್ತದೆ ಎಂದುಕೊಳ್ಳಬೇಡಿ. ಸರ್ವೆಯವರು ಗೆರೆ ತೋರಿಸುತ್ತಾರೆ, ಖಾಸಗಿ ಒತ್ತುವರಿ ಬಿಡಿಸಿಕೊಡುವುದು ಅವರ ಕೆಲಸವಲ್ಲ. ನಕ್ಷೆ ನೋಡಿ ನೆರೆಯವರು ಒಪ್ಪಿದರೆ ಅಂದೇ ಕಲ್ಲು ನೆಟ್ಟು ಬರೆದಿಟ್ಟುಕೊಳ್ಳಿ. ಒಪ್ಪದಿದ್ದರೆ ನಕ್ಷೆ ಹಿಡಿದು ಮುಂದಿನ ಹಂತಕ್ಕೆ.

ಹಂತ 6: ಸರಿಯಾದ ದಾವೆ

ನೀವಿನ್ನೂ ಸ್ವಾಧೀನದಲ್ಲಿದ್ದು, ಎದುರಿನವರು ತೊಂದರೆ ಕೊಡುತ್ತಿದ್ದರೆ ಶಾಶ್ವತ ನಿರ್ಬಂಧಕಾಜ್ಞೆಯ (ಕಾಯಂ ತಡೆಯಾಜ್ಞೆಯ) ದಾವೆ. ಸ್ವಾಧೀನ ಹೋಗಿದ್ದರೆ ಸ್ವಾಧೀನದ ದಾವೆ. ಹಕ್ಕನ್ನೇ ಅವರು ಗಂಭೀರವಾಗಿ ಪ್ರಶ್ನಿಸುತ್ತಿದ್ದರೆ ಹಕ್ಕು ಘೋಷಣೆಯನ್ನೂ ಕೇಳಬೇಕು. ಅನತುಲ ಸುಧಾಕರ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಈ ವಿಂಗಡಣೆಯನ್ನು ಬಿಡಿಸಿ ಹೇಳಿದೆ.

ಜಾಗ ಆಗಲೇ ಅವರ ಕೈಯಲ್ಲಿದ್ದರೂ ‘ನಾನೇ ಸ್ವಾಧೀನದಲ್ಲಿದ್ದೇನೆ’ ಎಂದು ಬರೀ ನಿರ್ಬಂಧಕಾಜ್ಞೆ ಕೇಳುವುದು ಅತಿ ಸಾಮಾನ್ಯ ತಪ್ಪು. ಖರ್ಚು ಕಡಿಮೆ ಎಂದು ಹೀಗೆ ಮಾಡುತ್ತಾರೆ. ಎಂಟು ವರ್ಷದ ನಂತರ ದಾವೆ ವಜಾ ಆಗುತ್ತದೆ. ಅಷ್ಟರಲ್ಲಿ ಒತ್ತುವರಿಯ 12 ವರ್ಷ ತುಂಬಲು ಹೆಚ್ಚು ದಿನ ಉಳಿದಿರುವುದಿಲ್ಲ.

ತಾತ್ಕಾಲಿಕ ತಡೆಯಾಜ್ಞೆಗೆ ನ್ಯಾಯಾಧೀಶರು ನೋಡುವುದು ಮೂರು: ಮೇಲ್ನೋಟಕ್ಕೆ ಪ್ರಕರಣ ಇದೆಯೇ, ಆದೇಶ ಕೊಡದಿದ್ದರೆ ಯಾರಿಗೆ ಹೆಚ್ಚು ಅನನುಕೂಲ, ಆಗುವ ಹಾನಿ ಹಣದಿಂದ ತುಂಬಲಾಗದ್ದೇ. ಎದುರಿನವರನ್ನು ಕೇಳದೆ ತಡೆಯಾಜ್ಞೆ ಸಿಕ್ಕರೆ ಅರ್ಜಿ, ದಾವಾಪತ್ರ, ದಾಖಲೆಗಳ ಪ್ರತಿಗಳನ್ನು ಕೂಡಲೇ ಅವರಿಗೆ ಕೊಟ್ಟು ಅಥವಾ ನೋಂದಾಯಿತ ಅಂಚೆಯಲ್ಲಿ ಕಳಿಸಿ, ಅದೇ ದಿನ ಇಲ್ಲವೇ ಮರುದಿನ ಪ್ರಮಾಣಪತ್ರ ಸಲ್ಲಿಸಬೇಕು. ಇದನ್ನು ಮರೆತು ಸಿಕ್ಕ ಆದೇಶ ಕಳೆದುಕೊಂಡವರು ಬಹಳ. ಆದೇಶ ಮೀರಿದವರ ಆಸ್ತಿ ಜಪ್ತಿ ಮಾಡಲು, 3 ತಿಂಗಳವರೆಗೆ ಸಿವಿಲ್ ಸೆರೆಗೆ ಕಳಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಗಡಿಯ ದಾವೆಯಲ್ಲಿ ಸ್ಥಳ ನೋಡಿ ವರದಿ ಕೊಡುವ ಕೋರ್ಟ್ ಕಮಿಷನರ್ ನೇಮಕಕ್ಕೆ (ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶ, 9ನೇ ನಿಯಮ) ಅರ್ಜಿ ಹಾಕಿಸಿ. ಎದುರಿನವರೇ ಮೊದಲು ನ್ಯಾಯಾಲಯಕ್ಕೆ ಹೋಗುವ ಸೂಚನೆಯಿದ್ದರೆ ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಚಿತ ಅರ್ಜಿ) ಹಾಕಿ. 90 ದಿನ ಜೀವಂತ, ಆಮೇಲೆ ನವೀಕರಿಸಬೇಕು. ವಕೀಲರ ಶುಲ್ಕ ಹೊರೆಯಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಉಚಿತ ವಕೀಲರು ಸಿಗುತ್ತಾರೆ. ಇದು ದಾನವಲ್ಲ, ಹಕ್ಕು. ಸಂಕೋಚ ಬೇಡ.

ಹಂತ 7: ಬಾಡಿಗೆದಾರರನ್ನು ಬಿಡಿಸುವ ಕ್ರಮ

ಮೊದಲು ಯಾವ ಕಾನೂನೆಂದು ನೋಡಿ. ಕರ್ನಾಟಕ ಬಾಡಿಗೆ ಕಾಯ್ದೆ 1999 ಈಗ ಅನ್ವಯಿಸುವುದು ಕಡಿಮೆ ಬಾಡಿಗೆಯ ಕಟ್ಟಡಗಳಿಗೆ ಮಾತ್ರ: ತಿಂಗಳಿಗೆ ಬೆಂಗಳೂರಿನಂಥ ನಗರಗಳಲ್ಲಿ 3,500 ರೂ., ಉಳಿದೆಡೆ 2,000 ರೂ. ಮೀರದವು. 14 ಚದರ ಮೀಟರ್ ಮೀರಿದ ವಾಣಿಜ್ಯ ಮಳಿಗೆಗಳೂ ಹೊರಗೆ. ಆ ಕಾಯ್ದೆಯ ಅಡಿ ಬಂದರೆ 27ನೇ ಕಲಂನ ಕಾರಣ ಬೇಕು. ಉದಾಹರಣೆಗೆ, ಬಾಕಿ ಕೇಳಿದ ನೋಟಿಸು ತಲುಪಿ 2 ತಿಂಗಳಾದರೂ ಕಟ್ಟದಿರುವುದು. ಉಳಿದ ಬಹುಪಾಲು ಮನೆಗಳಿಗೆ ಆಸ್ತಿ ವರ್ಗಾವಣೆ ಕಾಯ್ದೆ 1882.

ಕರಾರು ನೋಡಿ. 11 ತಿಂಗಳ ಪತ್ರ ಬರೆಸುವುದು ಏಕೆಂದರೆ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಮೂರು ವರ್ಷದ ಕರಾರನ್ನು ನೋಂದಾಯಿಸದೆ ಬರೀ ಛಾಪಾ ಕಾಗದದಲ್ಲಿ ಬರೆದರೆ ಅದರ ಷರತ್ತುಗಳು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಮುದ್ರಾಂಕ ಕಡಿಮೆಯಿದ್ದರೆ ಕೊರತೆಯ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ. ಬೆಂಗಳೂರಿನಲ್ಲಿ ‘ಲೀಸ್’ ಎನ್ನುವ, ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವ ಭೋಗ್ಯಕ್ಕಂತೂ ನೋಂದಣಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಋಣಭಾರ ಪತ್ರ ನೋಡದೆ ಹಣ ಕೊಟ್ಟು, ಮಾಲೀಕರ ಸಾಲಕ್ಕೆ ಬ್ಯಾಂಕು ಮನೆ ಜಪ್ತಿ ಮಾಡಿದಾಗ ಬೀದಿಗೆ ಬಿದ್ದ ಕುಟುಂಬಗಳಿವೆ.

ನೋಟಿಸು: ತಿಂಗಳ ಬಾಡಿಗೆಯಾದರೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂನಡಿ 15 ದಿನ. ಎಣಿಕೆ ನೀವು ಕಳಿಸಿದ ದಿನದಿಂದಲ್ಲ, ಅವರಿಗೆ ತಲುಪಿದ ದಿನದಿಂದ. ಬರವಣಿಗೆಯಲ್ಲಿರಬೇಕು, ಸಹಿ ಬೇಕು. ಅಂಚೆಯಲ್ಲಿ ಕಳಿಸಬಹುದು, ಖುದ್ದಾಗಿ ಅವರಿಗೆ ಅಥವಾ ಮನೆಯವರಿಗೆ ಕೊಡಬಹುದು, ಆಗದಿದ್ದರೆ ಮನೆಯ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಬಹುದು. ದಿನ ಸ್ವಲ್ಪ ಕಡಿಮೆ ಬರೆದಿದ್ದರೂ 15 ದಿನ ಕಳೆದ ಮೇಲೆಯೇ ದಾವೆ ಹೂಡಿದ್ದರೆ ನೋಟಿಸು ಅಸಿಂಧುವಲ್ಲ. ‘ಬಾಡಿಗೆ ಸಂಬಂಧವನ್ನು ಕೊನೆಗೊಳಿಸಿದ್ದೇನೆ’ ಎಂಬ ವಾಕ್ಯ ಮಾತ್ರ ಇರಲೇಬೇಕು. ‘ಬೇಗ ಖಾಲಿ ಮಾಡಿ’ ಎಂಬ ವಾಟ್ಸಾಪ್ ಸಂದೇಶವನ್ನು ನಂಬಿ ದಾವೆಗೆ ಹೋಗಬೇಡಿ.

ನೋಟಿಸಿನ ನಂತರ ಎಂದಿನಂತೆ ಬಾಡಿಗೆ ಪಡೆದು ರಸೀದಿ ಕೊಟ್ಟರೆ ‘ನೋಟಿಸು ಕೈಬಿಟ್ಟರು’ ಎಂಬ ವಾದಕ್ಕೆ ಬಾಗಿಲು ತೆರೆದಂತೆ. ಹಣ ಪಡೆದರೂ ‘ಉಪಯೋಗದ ನಷ್ಟಪರಿಹಾರವಾಗಿ, ಹಕ್ಕುಗಳಿಗೆ ಧಕ್ಕೆಯಿಲ್ಲದೆ’ ಎಂದು ಬರೆದು ಪಡೆಯಿರಿ.

ಕರೆಂಟ್ ಕಡಿಯುವುದು, ನೀರಿನ ವಾಲ್ವ್ ತಿರುಗಿಸುವುದು, ಬಾಗಿಲು ಕಳಚುವುದು ಬೇಡವೇ ಬೇಡ. ಸರಿಯಾಗಿದ್ದ ಪ್ರಕರಣ ಅಂದೇ ತಲೆಕೆಳಗಾಗುತ್ತದೆ, ಮಾಲೀಕರೇ ಪ್ರತಿವಾದಿಯಾಗುತ್ತಾರೆ. ಮನೆ ನೋಡಲು ಅದೇ ಕಾಯ್ದೆಯ 108ನೇ ಕಲಂ ನಿಮಗೆ ಅವಕಾಶ ಕೊಟ್ಟಿದೆ, ಅದು ಸೂಕ್ತ ಹೊತ್ತಿನಲ್ಲಿ, ಪರಿಶೀಲನೆಗೆ. ಹೆಚ್ಚುವರಿ ಕೀ ಇದೆಯೆಂದು ಅವರಿಲ್ಲದಾಗ ಒಳಹೋಗಲು ಅಲ್ಲ.

ಹಂತ 8: ನೀವೇ ಬಾಡಿಗೆದಾರರಾಗಿದ್ದು, ಹೊರಗೆ ನಿಂತಿದ್ದರೆ

ಬೀಗ ಒಡೆಯಬೇಡಿ. ಬೀಗದ, ಬಾಗಿಲಿನ ಚಿತ್ರ ತೆಗೆದು, ಒಳಗಿರುವ ಸಾಮಾನುಗಳ ಪಟ್ಟಿ ಬರೆಯಿರಿ: ಒಡವೆ, ಮಕ್ಕಳ ಅಂಕಪಟ್ಟಿ, ಔಷಧಿ ಮೊದಲು. ಅಂದೇ ದೂರು ಕೊಡಿ. ಆ ಮನೆಯಲ್ಲೇ ವಾಸವಿದ್ದಿರಿ ಎಂಬುದಕ್ಕೆ ಬ್ಯಾಂಕಿನಿಂದ ಕಳಿಸಿದ ಬಾಡಿಗೆ, ಗ್ಯಾಸ್ ಬಿಲ್ಲು, ವಿದ್ಯುತ್ ಬಿಲ್ಲು ಸಾಕು. ಕರಾರುಪತ್ರ ಇಲ್ಲದಿದ್ದರೂ ಎದೆಗುಂದಬೇಡಿ. ಮರುದಿನವೇ ವಕೀಲರ ಬಳಿ ಹೋಗಿ, ಹಂತ 2ರಲ್ಲಿ ಹೇಳಿದ 6ನೇ ಕಲಂನ ದಾವೆಯ ಜೊತೆ, ಬೀಗ ತೆಗೆಸುವ ಮಧ್ಯಂತರ ಆದೇಶವನ್ನೂ ಕೇಳಿ.

ಮಾಲೀಕರು ಬಾಡಿಗೆ ತೆಗೆದುಕೊಳ್ಳದೆ ಸತಾಯಿಸುತ್ತಿದ್ದರೆ ಪ್ರತಿ ತಿಂಗಳೂ ಬ್ಯಾಂಕ್ ಅಥವಾ ಮನಿಆರ್ಡರ್ ಮೂಲಕ ಕಳಿಸಿ, ವಾಪಸಾದ ಚೀಟಿ ಜೋಪಾನ ಮಾಡಿ. ‘ಅವರೇ ಬೇಡವೆಂದರು’ ಎಂಬ ಬಾಯಿಮಾತು ಬಾಕಿದಾರರ ಪಟ್ಟಿಯಿಂದ ಪಾರು ಮಾಡದು. ಅವರು ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸು ಕೊಟ್ಟ ಮೇಲೂ ಮಾಡಿಸದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಲು 108ನೇ ಕಲಂನಲ್ಲಿ ಅವಕಾಶವಿದೆ. ಮೊದಲು ನೋಟಿಸು, ಆಮೇಲೆ ಸೂಕ್ತ ಕಾಲಾವಕಾಶ, ಆಮೇಲೆ ಕೆಲಸ, ರಸೀದಿ. ಈ ಕ್ರಮ ತಪ್ಪಿದರೆ ಅದು ಬಾಡಿಗೆ ಬಾಕಿಯಾಗುತ್ತದೆ.

ಯಾರ ಮಾತು ಕೇಳಿಯೂ ‘ಇವರು ಮಾಲೀಕರೇ ಅಲ್ಲ’ ಎಂದು ವಾದಿಸಬೇಡಿ. ನಿಮ್ಮನ್ನು ಒಳಗೆ ಬಿಟ್ಟವರ ಹಕ್ಕನ್ನು ಬಾಡಿಗೆದಾರರು ಅಲ್ಲಗಳೆಯುವಂತಿಲ್ಲ, ಅದೇ ನಿಮ್ಮನ್ನು ಬಿಡಿಸಲು ಕಾರಣವೂ ಆಗಬಹುದು.

ಹಂತ 9: ಮುಂಗಡ ಹಣ

ಒಳಬರುವ ದಿನವೇ ಗೋಡೆ, ನಲ್ಲಿ, ಕಿಟಕಿ, ಮೀಟರ್ ರೀಡಿಂಗ್ ಚಿತ್ರ ತೆಗೆದು ಮಾಲೀಕರಿಗೆ ಕಳಿಸಿ. ಬಿಡುವ ದಿನ ಅದೇ ಕೋನಗಳಿಂದ ಮತ್ತೆ ತೆಗೆಯಿರಿ. ಸಹಜ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ. ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ, ಕಾನೂನಲ್ಲ. ಕರಾರಿನಲ್ಲಿದ್ದರೆ ಮಾತ್ರ ಬದ್ಧ. ಕೀ ಕೊಡುವಾಗ ‘ಮನೆಯ ಸ್ವಾಧೀನ ಪಡೆದಿದ್ದೇನೆ’ ಎಂದು ಸಹಿ ಮಾಡಿಸಿಕೊಳ್ಳದೆ ಬರಬೇಡಿ. ಹಣ ಬರದಿದ್ದರೆ ನೋಟಿಸು, ಆಮೇಲೆ 3 ವರ್ಷದೊಳಗೆ ದಾವೆ.

ಹಂತ 10: ಡಿಕ್ರಿ ಕೈಗೆ ಬಂದ ಮೇಲೆ

ಡಿಕ್ರಿ, ಅಂದರೆ ದಾವೆಯ ತೀರ್ಪಿನ ಆದೇಶ, ಬಂದ ದಿನ ಸಿಹಿ ಹಂಚಿ, ಕಾಗದವನ್ನು ಬೀರುವಿನಲ್ಲಿಟ್ಟು ಸುಮ್ಮನಾಗುವವರಿದ್ದಾರೆ. ಎದುರಿನವರು ತಾವಾಗಿ ಬಿಡದಿದ್ದರೆ ಅಮಲ್ಜಾರಿ (ಡಿಕ್ರಿ ಜಾರಿ ಮಾಡಿಸುವ) ಅರ್ಜಿ ಹಾಕಬೇಕು, ನ್ಯಾಯಾಲಯದ ಅಮೀನರು ಬಂದು ಸ್ವಾಧೀನ ಕೊಡಿಸಬೇಕು. ಡಿಕ್ರಿ ತೋರಿಸಿ ನೀವೇ ಗೋಡೆ ಕೆಡವುವಂತಿಲ್ಲ.

ಇಲ್ಲೂ ಗಡುವು ಎರಡು ಬಗೆ. ಸ್ವಾಧೀನ ಕೊಡಿಸುವ ಡಿಕ್ರಿಗೆ 12 ವರ್ಷ. ‘ಗೋಡೆ ತೆಗೆಯಿರಿ’ ಎನ್ನುವ ಕಡ್ಡಾಯ ನಿರ್ಬಂಧಕಾಜ್ಞೆಯ ಡಿಕ್ರಿಗೆ ಬರೀ 3 ವರ್ಷ. ಎರಡಕ್ಕೂ ಹನ್ನೆರಡೇ ಎಂದುಕೊಂಡು ನಾಲ್ಕನೇ ವರ್ಷ ಅರ್ಜಿ ಹಾಕಿದರೆ ಗೆದ್ದ ಪ್ರಕರಣದ ಗೋಡೆ ಅಲ್ಲೇ ಉಳಿಯುತ್ತದೆ.

ಅಮೀನರು ಬರುವ ದಿನ ಸರ್ವೆ ನಕ್ಷೆ, ಡಿಕ್ರಿಯ ಷೆಡ್ಯೂಲು (ಆಸ್ತಿಯ ವಿವರ), ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಮೂರೂ ಒಂದಕ್ಕೊಂದು ತಾಳೆಯಾಗಬೇಕು. ದಾವಾಪತ್ರದಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿದ್ದರೆ ಅಮೀನರು ಜಾಗ ಗುರುತಿಸಲಾಗದೆ ಹಿಂತಿರುಗುತ್ತಾರೆ. ಹಾಗಾಗಿ ಷೆಡ್ಯೂಲನ್ನು ದಾವೆ ಹೂಡುವ ದಿನವೇ ಜಾಗದ ಮೇಲೆ ನಿಂತು, ದಿಕ್ಕು ನೋಡಿಕೊಂಡು, ಗಟ್ಟಿಯಾಗಿ ಓದಿ ಸಹಿ ಹಾಕಿ. ಬೀಗ ತೆರೆದಾಗ ಹೊಸ ಬೀಗ, ಹೊಲವಾದರೆ ಕಂಬ ಮತ್ತು ತಂತಿ ಜೊತೆಯಲ್ಲೇ ಇರಲಿ. ಸ್ವಾಧೀನದ ಮಹಜರಿಗೆ ಸಹಿಯಾದ ಆ ಸಂಜೆಯೇ ಬೇಲಿ ಎದ್ದಿರಬೇಕು.